ಹೇಳಿದಷ್ಟೇ ಕೆಲಸ ಮಾಡಿದರೆ ಕಾನೂನು ಏನನ್ನುತ್ತದೆ?

ಒಬ್ಬ ನೌಕರನಿಗೆ ಮ್ಯಾನೇಜರ್‌ನಿಂದ ಹೀಗೊಂದು ಪತ್ರ ಬಂತು ಅಂದುಕೊಳ್ಳಿ. "ನೀವು ಸರಿಯಾದ ಸಮಯಕ್ಕೆ ಬರುತ್ತೀರಿ, ಸರಿಯಾದ ಸಮಯಕ್ಕೆ ಹೊರಡುತ್ತೀರಿ. ಹೇಳಿದ್ದನ್ನು ಮಾಡುತ್ತೀರಿ, ಹೇಳದ್ದನ್ನು ಮಾಡುವುದಿಲ್ಲ. ಕೆಲಸದ ಸಮಯ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಹೀಗೇ ಮುಂದುವರಿದರೆ ಶಿಸ್ತುಕ್ರಮ ಅನಿವಾರ್ಯ."

ಓದಿದವನಿಗೆ ಮೊದಲು ಅನ್ನಿಸುವುದು, 'ಇದರಲ್ಲಿ ನನ್ನ ತಪ್ಪೇನಿದೆ?' ಅಂತ. ಬರೆದವರ ಮನಸ್ಸಿನಲ್ಲಿರುವುದು, 'ಎಲ್ಲರೂ ಹೀಗೇ ಲೆಕ್ಕ ಹಾಕಿಕೊಂಡು ಕೂತರೆ ಸಂಸ್ಥೆ ನಡೆಯುವುದು ಹೇಗೆ?' ಅಂತ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಕೋರ್ಟಿನ ಮುಂದೆ ನಿಂತರೆ ಇಬ್ಬರೂ ಅಂದುಕೊಂಡ ಹಾಗೆ ಆಗುವುದಿಲ್ಲ. ಅದು ಯಾಕೆ ಅನ್ನುವುದೇ ಈ ಲೇಖನ.

ಈ ನಡವಳಿಕೆಗೆ 2022ರ ಬೇಸಿಗೆಯಲ್ಲಿ 'ಕ್ವಯಟ್ ಕ್ವಿಟಿಂಗ್' ಅನ್ನುವ ಹೆಸರು ಟಿಕ್‌ಟಾಕ್‌ನಿಂದ ಜಗತ್ತಿನ ತುಂಬಾ ಹರಡಿತು. ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ 2023ರ ತನ್ನ ಜಾಗತಿಕ ವರದಿಯಲ್ಲಿ ಶೇ. 59ರಷ್ಟು ನೌಕರರನ್ನು ಈ ಗುಂಪಿಗೆ ಸೇರಿಸಿತು. ಹೆಸರು ಜನಪ್ರಿಯವಾಯಿತು, ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪು ಹೆಸರು. ಕ್ವಿಟ್ ಮಾಡುವುದು ಅಂದರೆ ರಾಜೀನಾಮೆ. ಇಲ್ಲಿ ಯಾರೂ ರಾಜೀನಾಮೆ ಕೊಟ್ಟಿಲ್ಲ. ಕರಾರು ಹಾಗೇ ಇದೆ, ಕೆಲಸ ನಡೆಯುತ್ತಿದೆ, ಸಂಬಳ ಬರುತ್ತಿದೆ. ಹಾಗಾಗಿ ಕೋರ್ಟ್ ಕೇಳುವ ಪ್ರಶ್ನೆ ಒಂದೇ: ಈ ಮನುಷ್ಯ ಕೊಡಬೇಕಾದ್ದನ್ನು ಕೊಡುತ್ತಿದ್ದಾನಾ, ಇಲ್ವಾ?

ಸುಲಭದ ಪ್ರಶ್ನೆಯ ಥರ ಕಾಣುತ್ತದೆ ಅಲ್ವಾ? ಕಷ್ಟ ಇರುವುದು 'ಕೊಡಬೇಕಾದ್ದು' ಅನ್ನುವ ಮಾತಿನಲ್ಲಿ. ನೇಮಕಾತಿ ಪತ್ರ ತೆಗೆದು ನೋಡಿ. ಹುದ್ದೆಯ ಹೆಸರು, ಸಂಬಳ, ಕೆಲಸದ ಸಮಯ, ರಜೆ, ನೋಟಿಸ್ ಅವಧಿ ಇರುತ್ತದೆ. ಕೆಲಸ ಏನು ಅನ್ನುವುದು ಒಂದೆರಡು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಕೊನೆಯಲ್ಲಿ 'ಮೇಲಧಿಕಾರಿ ಆಗಾಗ ವಹಿಸುವ ಇತರ ಕೆಲಸಗಳು' ಅನ್ನುವ ಸಾಲು ಹೆಚ್ಚುಕಡಿಮೆ ಎಲ್ಲ ಪತ್ರಗಳಲ್ಲೂ ಇದ್ದೇ ಇರುತ್ತದೆ. ಆ ಒಂದು ಸಾಲನ್ನು ಮರೆತು 'ನನ್ನ ಕೆಲಸ ಇಷ್ಟೇ' ಅಂದವರು ಎಷ್ಟೋ ಜನ. ಕಾನೂನು ಆ ಸಾಲಿಗೂ ಮಿತಿ ಹಾಕುತ್ತದೆ. ಹೊಸ ಕೆಲಸ ನಿಮ್ಮ ಹುದ್ದೆಗೆ ಹೊಂದುವಂಥದ್ದಾಗಿರಬೇಕು, ಆದೇಶ ಕಾನೂನುಬದ್ಧವಾಗಿರಬೇಕು, ನ್ಯಾಯವಾಗಿ ಒಪ್ಪುವಂತಿರಬೇಕು. ಅಕೌಂಟೆಂಟ್‌ಗೆ ಇನ್ನೊಂದು ವಿಭಾಗದ ಲೆಕ್ಕ ನೋಡು ಅನ್ನಬಹುದು. ಮ್ಯಾನೇಜರ್ ಮನೆಯ ಸಾಮಾನು ಸಾಗಿಸು ಅನ್ನಲಾಗುವುದಿಲ್ಲ.

ಪತ್ರದಲ್ಲಿ ಬರೆಯದೇ ಇದ್ದರೂ ಇದೆ ಎಂದು ಕೋರ್ಟ್ ಒಪ್ಪುವ ಷರತ್ತುಗಳು ಇನ್ನೂ ಇವೆ. ಕೆಲಸವನ್ನು ತಕ್ಕಮಟ್ಟಿನ ಎಚ್ಚರದಿಂದ ಮಾಡಬೇಕು. ನ್ಯಾಯವಾದ ಆದೇಶ ಪಾಲಿಸಬೇಕು. ಸಂಸ್ಥೆಗೆ ನಿಷ್ಠೆಯಿಂದಿರಬೇಕು. 'ಉಂಡ ಮನೆಗೆ ಎರಡು ಬಗೆಯಬಾರದು' ಅಂತ ನಾವು ಹೇಳುವುದಿದೆಯಲ್ಲ, ಈ ಕೊನೆಯ ಷರತ್ತು ಹತ್ತಿರಹತ್ತಿರ ಅದೇ. ಆದರೆ ಎರಡು ಬಗೆಯದೇ ಇರುವುದು ಬೇರೆ, ಮೈ ಮುರಿದು ಹೆಚ್ಚು ದುಡಿಯುವುದು ಬೇರೆ. ಕಾನೂನು ಕೇಳುವುದು ಮೊದಲನೆಯದನ್ನು ಮಾತ್ರ.

ಈ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಬಂದದ್ದು 1972ರಲ್ಲಿ, ಬ್ರಿಟನ್ನಿನ ರೈಲ್ವೆ ನೌಕರರ ಮೊಕದ್ದಮೆಯಲ್ಲಿ. ಅವರು ಮುಷ್ಕರ ಮಾಡಲಿಲ್ಲ. 'ವರ್ಕ್ ಟು ರೂಲ್' ಮಾಡಿದರು, ಅಂದರೆ ನಿಯಮದ ಪುಸ್ತಕ ಹಿಡಿದು ಅದರಲ್ಲಿರುವುದನ್ನು ಅಕ್ಷರ ಬಿಡದೆ ಪಾಲಿಸಿದರು. ರೈಲುಗಳು ತಡವಾದವು, ರದ್ದಾದವು, ವ್ಯವಸ್ಥೆಯೇ ಕುಸಿಯಿತು. ನೌಕರರ ವಾದ ಸರಳವಾಗಿತ್ತು: ನಿಯಮ ಮಾಡಿದವರು ನೀವು, ಪಾಲಿಸಿದವರು ನಾವು, ಕರಾರು ಮುರಿದದ್ದು ಎಲ್ಲಿ?

ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಇದಕ್ಕೆ ಒಂದು ಪುಟ್ಟ ಉದಾಹರಣೆಯಲ್ಲಿ ಉತ್ತರ ಕೊಟ್ಟರು. ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಲು ಒಬ್ಬ ಡ್ರೈವರ್ ಇಟ್ಟುಕೊಂಡಿದ್ದೇನೆ. ಸಮಯ ಸಾಕಷ್ಟಿದೆ, ಹಾಗಾಗಿ ಬೇಗ ಹೋಗು ಅಂತ ಹೇಳಿಲ್ಲ. ಅವನು ನನಗೆ ರೈಲು ತಪ್ಪಲಿ ಅಂತಲೇ ಬೇಕುಬೇಕೆಂದು ನಿಧಾನ ಓಡಿಸುತ್ತಾನೆ. ರೈಲು ತಪ್ಪುತ್ತದೆ. 'ಸ್ಟೇಷನ್ನಿಗೆ ಬಿಡು ಅಂದ್ರಿ, ಬಿಟ್ಟೆ' ಅಂತ ಅವನು ಹೇಳಬಹುದು. ಕರಾರಿನ ಅಕ್ಷರ ಪಾಲಿಸಿದ್ದಾನೆ, ನಿಜ. ಆದರೂ ಕರಾರು ಮುರಿದಿದ್ದಾನೆ. ಅದರಲ್ಲಿ ಅನುಮಾನವೇ ಇಲ್ಲ ಅಂದರು ಡೆನ್ನಿಂಗ್.

ಈ ತೀರ್ಪನ್ನು ಉದಾಹರಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದೇ ತೀರ್ಪಿನ ಇನ್ನೊಂದು ಮಾತು. ಕರಾರಿನಲ್ಲಿ ಇರುವುದಕ್ಕಿಂತ ಹೆಚ್ಚು ಮಾಡಲು ಯಾರೂ ಬದ್ಧರಲ್ಲ, ಒಳ್ಳೆಯ ಮನಸ್ಸಿನಿಂದ ಕೊಡುತ್ತಿದ್ದ ಸಹಕಾರವನ್ನು ಬೇಕಾದರೆ ಹಿಂದೆ ತೆಗೆದುಕೊಳ್ಳಬಹುದು ಅಂತಲೂ ಡೆನ್ನಿಂಗ್ ಸ್ಪಷ್ಟವಾಗಿ ಹೇಳಿದ್ದಾರೆ. ಮಾಡಬಾರದ್ದು ಒಂದೇ, ಮಾಲೀಕನ ವ್ಯವಹಾರಕ್ಕೆ ಬೇಕೆಂದೇ ಅಡ್ಡಗಾಲು ಹಾಕುವುದು. ಅಂದರೆ ಗೆರೆ ಬಿದ್ದಿರುವುದು ಕಡಿಮೆ ಕೆಲಸ, ಜಾಸ್ತಿ ಕೆಲಸದ ನಡುವೆ ಅಲ್ಲ. ಹೆಚ್ಚುವರಿ ಕೊಡದೇ ಇರುವುದು ಗೆರೆಯ ಈಚೆ ಕಡೆ. ಕೊಡಬೇಕಾದ್ದನ್ನು ತಡೆಹಿಡಿಯುವುದು, ಅಥವಾ ಕೊಡುವ ನೆಪದಲ್ಲಿ ಕೆಡಿಸುವುದು ಗೆರೆಯ ಆಚೆ ಕಡೆ. ನೀವು ಎಲ್ಲಿ ನಿಂತಿದ್ದೀರಿ ಅನ್ನುವುದನ್ನು ಎಷ್ಟೋ ಸಲ ನಿಮ್ಮ ಉದ್ದೇಶವೇ ತೀರ್ಮಾನಿಸುತ್ತದೆ.

ಸಮಯಕ್ಕೆ ಮನೆಗೆ ಹೊರಡುವ ನೌಕರನ ಉದ್ದೇಶ ಮನೆಗೆ ಹೋಗುವುದು. ಸಂಸ್ಥೆಯನ್ನು ಕೆಡವುವುದಲ್ಲ. ಹಾಗಾಗಿ ರೈಲ್ವೆ ತೀರ್ಪನ್ನು ಅವನ ಮೇಲೆ ಪ್ರಯೋಗಿಸುವುದು ಸುಲಭವಲ್ಲ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ 'ವರ್ಕ್ ಟು ರೂಲ್ ಕೂಡ ಕರಾರು ಮುರಿದಂತೆ' ಅನ್ನುವ ಅರ್ಧ ಸಾಲು ತೋರಿಸಿ ಹೆದರಿಸುವವರು ಇದ್ದಾರೆ.

ಆದರೆ ಎಲ್ಲ ಕೆಲಸಕ್ಕೂ 'ಇಷ್ಟು ಮಾಡಿದರೆ ಸಾಕು' ಅನ್ನುವ ಅಳತೆ ಇರುವುದಿಲ್ಲ. ಪೆಟ್ಟಿಗೆ ತುಂಬುವ ಕೆಲಸದಲ್ಲಿ ಎಣಿಸಬಹುದು. ಮ್ಯಾನೇಜರ್ ಕೆಲಸದಲ್ಲಿ, ಮೇಷ್ಟರ ಕೆಲಸದಲ್ಲಿ, ನರ್ಸ್ ಕೆಲಸದಲ್ಲಿ ಏನು ಎಣಿಸುತ್ತೀರಿ? 1980ರ ದಶಕದಲ್ಲಿ ಇಂಗ್ಲೆಂಡಿನ ಶಿಕ್ಷಕರು, ರಜೆಯಲ್ಲಿದ್ದ ಸಹೋದ್ಯೋಗಿಗಳ ತರಗತಿ ತೆಗೆದುಕೊಳ್ಳುವುದಿಲ್ಲ ಅಂತ ನಿಂತರು. ಅದು ನಮ್ಮ ಕರಾರಿನಲ್ಲಿ ಎಲ್ಲೂ ಬರೆದಿಲ್ಲ, ಇಷ್ಟು ದಿನ ಮಾಡಿದ್ದು ಸಹಕಾರಕ್ಕಾಗಿ ಅಂದರು. ಕೋರ್ಟ್ ಒಪ್ಪಲಿಲ್ಲ. ಶಿಕ್ಷಕ ಒಬ್ಬ ವೃತ್ತಿಪರ, ಶಾಲೆ ಸರಿಯಾಗಿ ನಡೆಯಲು ಬೇಕಾದ ಇಂಥ ಸಹಕಾರ ಆ ವೃತ್ತಿಯ ಒಳಗೇ ಇದೆ ಅಂತ ಹೇಳಿ ಸಂಬಳ ಕಡಿತವನ್ನು ಎತ್ತಿಹಿಡಿಯಿತು. 1992ರಲ್ಲಿ ಬ್ರಿಟಿಷ್ ಟೆಲಿಕಾಂನ ಒಬ್ಬ ಮ್ಯಾನೇಜರ್ ವಿಷಯದಲ್ಲಿ ಮಾತು ಇನ್ನಷ್ಟು ಬಿಗಿಯಾಯಿತು. ಅವರು ತಮ್ಮ ಸಂಘದ ಕರೆಯಂತೆ ಸಹಕಾರ ಹಿಂತೆಗೆದುಕೊಂಡಿದ್ದರು. ಮ್ಯಾನೇಜರ್ ಅಂದರೆ ತನ್ನ ವಿವೇಚನೆ ಬಳಸಿ ಕೆಲಸ ನಡೆಸುವವರು. ಆ ವಿವೇಚನೆಯನ್ನು ಮಾಲೀಕರಿಗೆ ತೊಂದರೆ ಆಗಲಿ ಅಂತ ಬಳಸಿದರೆ ನಿಷ್ಠೆಯ ಷರತ್ತು ಮುರಿದಂತೆ ಅಂದಿತು ಕೋರ್ಟ್.

ಇದರಿಂದ ತಿಳಿಯುವುದು ಇಷ್ಟು: ಹುದ್ದೆ ಮೇಲೇರಿದಂತೆ, ನಿಮ್ಮ ವಿವೇಚನೆಗೆ ಬಿಟ್ಟದ್ದು ಜಾಸ್ತಿಯಾದಂತೆ, 'ಬರೆದದ್ದಷ್ಟೇ ಮಾಡುತ್ತೇನೆ' ಅನ್ನುವ ಮಾತಿನ ಬಲ ಕಡಿಮೆಯಾಗುತ್ತದೆ. ಕಂಪ್ಯೂಟರ್ ಮುಂದೆ ಕೂತು ಸ್ವಂತ ಬುದ್ಧಿಯಿಂದ ಕೆಲಸ ಮಾಡುವ ಎಷ್ಟೋ ಜನ, ತಮ್ಮದು ಎಣಿಸಬಹುದಾದ ಕೆಲಸ ಅಂತ ತಪ್ಪು ತಿಳಿದಿದ್ದಾರೆ.

ಇನ್ನು ದುಡ್ಡಿನ ವಿಷಯ. ವಜಾ ಮಾಡದೆಯೂ ಸಂಬಳಕ್ಕೆ ಕೈ ಹಾಕಬಹುದಾ? ಕೆಲವು ಸಲ ಹಾಕಬಹುದು. ಇಂಗ್ಲೆಂಡಿನ ವೇಕ್‌ಫೀಲ್ಡ್‌ನ ವಿವಾಹ ನೋಂದಣಿ ಅಧಿಕಾರಿಯೊಬ್ಬರಿಗೆ ವಾರಕ್ಕೆ 37 ಗಂಟೆ ಕೆಲಸ, ಅದರಲ್ಲಿ 3 ಗಂಟೆ ಶನಿವಾರ. ಸಂಘದ ಹೋರಾಟದ ಭಾಗವಾಗಿ ಅವರು ಶನಿವಾರ ಕಚೇರಿಗೆ ಬರುತ್ತಿದ್ದರು, ಬೇರೆಲ್ಲ ಕೆಲಸ ಮಾಡುತ್ತಿದ್ದರು, ಮದುವೆ ಮಾತ್ರ ನಡೆಸುತ್ತಿರಲಿಲ್ಲ. ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, 37ರಲ್ಲಿ 3 ಭಾಗ ಸಂಬಳ ಮುರಿಯಿತು. 1987ರಲ್ಲಿ, ಆಗ ಅಲ್ಲಿನ ಅತ್ಯುಚ್ಚ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದು ಸರಿ ಅಂದಿತು. ಶನಿವಾರದ ಹೊತ್ತಿನ ಮುಖ್ಯ ಕೆಲಸವೇ ಅದಾಗಿದ್ದಾಗ, ಅದನ್ನು ಬಿಟ್ಟು ಉಳಿದದ್ದನ್ನು ಮಾಡಿದೆ ಅಂದರೆ ಆ ಹೊತ್ತಿನ ಸಂಬಳ ಕೇಳುವಂತಿಲ್ಲ.

ಎರಡು ವರ್ಷದ ನಂತರ ಬಂದ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಪ್ರಕರಣ ನನ್ನ ಮಟ್ಟಿಗೆ ಇನ್ನೂ ಕಠಿಣ. ಅಲ್ಲಿನ ವಸತಿ ಅಧಿಕಾರಿಗಳು ಒಂದೇ ಒಂದು ಕೆಲಸ ಬಿಟ್ಟರು. ಕೌನ್ಸಿಲರ್‌ಗಳ ಪ್ರಶ್ನೆಗಳಿಗೆ ಉತ್ತರ ಬರೆಯಲಿಲ್ಲ, ಅಷ್ಟೇ. ಹೋರಾಟ ಮುಗಿದ ಮೇಲೆ ಬಾಕಿ ಉತ್ತರ ಬರೆದು ಮುಗಿಸಲು ಕೆಲವೇ ಗಂಟೆ ಸಾಕಾಯಿತು. ಆದರೂ ಅಷ್ಟೂ ವಾರಗಳ ಸಂಬಳ ಪೂರ್ತಿ ಹೋಯಿತು. ಕಾರಣ, 'ಅರ್ಧಂಬರ್ಧ ಕೆಲಸ ನಮಗೆ ಬೇಡ, ಮಾಡಿದರೆ ಅದು ನಿಮ್ಮ ಸ್ವಂತ ಇಷ್ಟಕ್ಕೆ ಮಾಡಿದ್ದು' ಅಂತ ಕೌನ್ಸಿಲ್ ಮೊದಲೇ ಲಿಖಿತವಾಗಿ ತಿಳಿಸಿತ್ತು. ಆ ಎಚ್ಚರಿಕೆಯೇ ಇಲ್ಲಿನ ತಿರುಳು. ಎಚ್ಚರಿಕೆ ಕೊಡದೆ, ಮಾಡಿದ ಕೆಲಸವನ್ನೆಲ್ಲ ಸದ್ದಿಲ್ಲದೆ ತೆಗೆದುಕೊಂಡು, ತಿಂಗಳ ಕೊನೆಗೆ ಸಂಬಳ ಮುರಿದರೆ ಮಾಲೀಕನ ವಾದ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಸಂಬಳ ಯಾವಾಗ ಮುರಿಯಬಹುದು ಅನ್ನುವುದಕ್ಕೆ ಎಷ್ಟೋ ದೇಶಗಳಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ. 'ಉತ್ಸಾಹ ಕಾಣುತ್ತಿಲ್ಲ' ಅನ್ನುವುದು ಸಂಬಳ ಮುರಿಯಲು ಕಾರಣವಾಗುವುದಿಲ್ಲ.

ಈಗ ವಜಾ. ಇಲ್ಲಿ ಕಾನೂನು ಎರಡು ಮಾತನ್ನು ಬೇರೆ ಬೇರೆ ಇಡುತ್ತದೆ: ಆಗದೇ ಇರುವುದು, ಮಾಡದೇ ಇರುವುದು. ಕೈಲಾಗದವನಿಗೆ ತರಬೇತಿ ಬೇಕು, ಸಮಯ ಬೇಕು, ಸುಧಾರಿಸಿಕೊಳ್ಳಲು ಅವಕಾಶ ಬೇಕು. ಕೈಲಾಗಿಯೂ ಮಾಡದವನದ್ದು ಮೈಗಳ್ಳತನ, ಅದು ನಡತೆಯ ಪ್ರಶ್ನೆ. ಬ್ರಿಟನ್ನಿನ 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಕಾಯ್ದೆಯಲ್ಲಿ ಸಾಮರ್ಥ್ಯ ಮತ್ತು ನಡತೆ ಎರಡೂ ಪ್ರತ್ಯೇಕ ಕಾರಣಗಳು. ಫ್ರಾನ್ಸ್‌ನಲ್ಲಿ ಕೆಲಸದಲ್ಲಿ ಕಡಿಮೆ ಬೀಳುವುದು ಸಾಮಾನ್ಯವಾಗಿ ಅಪರಾಧವಲ್ಲ, ಹಾಗಾಗಿ ಅದಕ್ಕೆ ಶಿಸ್ತಿನ ಶಿಕ್ಷೆ ಕೊಡುವಂತಿಲ್ಲ.

ಭಾರತದ ಸುಪ್ರೀಂ ಕೋರ್ಟ್ 1979ರಲ್ಲಿ ಜೆ. ಅಹ್ಮದ್ ಪ್ರಕರಣದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. 1960ರಲ್ಲಿ ಅಸ್ಸಾಂನಲ್ಲಿ ನಡೆದ ಗಲಭೆಯ ಸಮಯದಲ್ಲಿ ಒಬ್ಬ ಜಿಲ್ಲಾಧಿಕಾರಿ ದಕ್ಷತೆ ತೋರಲಿಲ್ಲ, ಮುಂದಾಳತ್ವ ತೋರಲಿಲ್ಲ ಅನ್ನುವುದು ಆರೋಪ. ಕೋರ್ಟ್ ಹೇಳಿದ್ದು, ದಕ್ಷತೆ ಇಲ್ಲದಿರುವುದು, ಉನ್ನತ ಮಟ್ಟ ಮುಟ್ಟದಿರುವುದು ಅಷ್ಟರಿಂದಲೇ ದುರ್ನಡತೆ ಆಗುವುದಿಲ್ಲ. ನಿರ್ಲಕ್ಷ್ಯದಿಂದ ಗಂಭೀರ ಹಾನಿಯಾದರೆ ಮಾತು ಬೇರೆ. ಒಂದು ಜಿಲ್ಲೆಯನ್ನೇ ನೋಡಿಕೊಳ್ಳುವ ಅಧಿಕಾರಿಗೆ ಈ ಮಾತು ಅನ್ವಯಿಸಿದೆ ಅಂದಮೇಲೆ, ಹೇಳಿದ ಕೆಲಸ ಮುಗಿಸಿ ಹೊರಡುವ ಗುಮಾಸ್ತನ ಮೇಲೆ 'ಹೆಚ್ಚಿನ ಆಸಕ್ತಿ ಇಲ್ಲ' ಅನ್ನುವ ದುರ್ನಡತೆಯ ಆರೋಪ ಎಷ್ಟು ದೂರ ಹೋದೀತು?

ಜರ್ಮನಿಯ ಕೋರ್ಟುಗಳು ಬಳಸುವ ಸೂತ್ರ ನನಗೆ ತುಂಬಾ ಇಷ್ಟ. ನೌಕರ ಮಾಡಬೇಕಾದ್ದನ್ನು ಮಾಡಬೇಕು, ಅದನ್ನೂ ತನ್ನ ಕೈಲಾದಷ್ಟು ಚೆನ್ನಾಗಿ ಮಾಡಬೇಕು. ಇಲ್ಲಿ ಅಳತೆಗೋಲು ಆ ಮನುಷ್ಯನ ಶಕ್ತಿಯೇ. ಎಲ್ಲರೂ ಒಂದೇ ವೇಗದಲ್ಲಿ ಓಡಬೇಕು ಅನ್ನುವುದಿಲ್ಲ. ಹತ್ತು ಜನರ ತಂಡದಲ್ಲಿ ಯಾರೋ ಒಬ್ಬರು ಕೊನೆಯಲ್ಲಿ ಇದ್ದೇ ಇರುತ್ತಾರೆ, ಅದೇ ತಪ್ಪಾಗುವುದಿಲ್ಲ. ಆದರೆ ಈ ಸೂತ್ರಕ್ಕೆ ಇನ್ನೊಂದು ಮುಖವೂ ಇದೆ. ನಿಮ್ಮ ಕೈಲಿ ನೂರು ಆಗುತ್ತದೆ, ನೀವು ಬೇಕೆಂದೇ ಅರವತ್ತಕ್ಕೆ ನಿಲ್ಲಿಸುತ್ತೀರಿ ಅಂದರೆ, ಪಕ್ಕದವನದ್ದೂ ಅರವತ್ತೇ ಅನ್ನುವ ಸಬೂಬು ನಡೆಯುವುದಿಲ್ಲ. ಕೋರ್ಟಿಗೆ ಒಬ್ಬರ ಒಳಗಿನ ಶಕ್ತಿ ಕಾಣುವುದು ಹೇಗೆ? ಅದಕ್ಕೆ 2003ರಲ್ಲಿ ಅಲ್ಲಿನ ಫೆಡರಲ್ ಕಾರ್ಮಿಕ ನ್ಯಾಯಾಲಯ ಒಂದು ದಾರಿ ಮಾಡಿತು. ಹೋಲಿಸಬಹುದಾದ ಸಹೋದ್ಯೋಗಿಗಳ ಸರಾಸರಿಗಿಂತ ದೀರ್ಘಕಾಲ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಬಿದ್ದಿದ್ದಾನೆ ಅಂತ ಮಾಲೀಕ ಅಂಕಿಅಂಶ ಇಟ್ಟು ತೋರಿಸಿದರೆ, ಕಾರಣ ಹೇಳುವ ಸರದಿ ನೌಕರನದ್ದು. ವಯಸ್ಸು, ಕಾಯಿಲೆ, ಹಳೆಯ ಯಂತ್ರ, ಕಷ್ಟದ ಕೆಲಸವೇ ಪಾಲಿಗೆ ಬಂದದ್ದು, ಏನಾದರೂ ಇರಬಹುದು. ಅದನ್ನು ಕೇಳಲೇಬೇಕು. ಸಾಮಾನ್ಯವಾಗಿ ಮೊದಲು ಎಚ್ಚರಿಕೆಯನ್ನೂ ಕೊಟ್ಟಿರಬೇಕು.

ಅಮೆರಿಕ ಇದಕ್ಕೆ ಪೂರ್ತಿ ಉಲ್ಟಾ. ಮೊಂಟಾನಾ ಬಿಟ್ಟು ಉಳಿದ ರಾಜ್ಯಗಳಲ್ಲಿ 'ಅಟ್ ವಿಲ್' ನೌಕರಿಯೇ ಸಾಮಾನ್ಯ ನಿಯಮ. ಕಾರಣ ಕೊಡದೆಯೂ ತೆಗೆಯಬಹುದು, ತಾರತಮ್ಯದಂಥ ಕಾನೂನುಬಾಹಿರ ಕಾರಣ ಇರಬಾರದು ಅಷ್ಟೇ. ಹಾಗಾಗಿ ಅಲ್ಲಿ 'ನಾನು ಕರಾರಿನಷ್ಟು ಮಾಡಿದ್ದೇನೆ' ಅನ್ನುವ ವಾದಕ್ಕೆ ಹೆಚ್ಚಿನ ಆಸರೆಯಿಲ್ಲ. ಒಂದೇ ನಡವಳಿಕೆ, ಒಂದು ದೇಶದಲ್ಲಿ ಎಚ್ಚರಿಕೆ, ವಿಚಾರಣೆ, ಅಂಕಿಅಂಶ ಎಲ್ಲ ಬೇಕು. ಇನ್ನೊಂದು ದೇಶದಲ್ಲಿ ಒಂದು ಮಧ್ಯಾಹ್ನದ ಇಮೇಲ್ ಸಾಕು. ಯಾವುದೋ ದೇಶದವರು ಮಾಡಿದ ವಿಡಿಯೋ ನೋಡಿ ಧೈರ್ಯ ತಂದುಕೊಳ್ಳುವ ಮುಂಚೆ ಇದನ್ನು ನೆನಪಿಡಬೇಕು.

ಒಬ್ಬರೇ ಮಾಡುವುದಕ್ಕೂ ಒಟ್ಟಾಗಿ ಮಾಡುವುದಕ್ಕೂ ವ್ಯತ್ಯಾಸ ಇದೆ. ಒಗ್ಗಟ್ಟಿನಲ್ಲಿ ರಕ್ಷಣೆ ಇದೆ ಅಂತ ನಾವು ಅಂದುಕೊಳ್ಳುತ್ತೇವೆ. ಮುಷ್ಕರಕ್ಕೆ ಅದು ನಿಜ, ನಿಯಮ ಪಾಲಿಸಿ ಮಾಡಿದರೆ. ಆದರೆ ನಿಧಾನಗತಿಯ ಕೆಲಸ, ಅಂದರೆ 'ಗೋ ಸ್ಲೋ', ಎಷ್ಟೋ ಕಡೆ ಮುಷ್ಕರಕ್ಕಿಂತ ಕೆಟ್ಟ ಹೆಸರು ಪಡೆದಿದೆ. ಮುಷ್ಕರ ಮಾಡುವವನು ಕೆಲಸವನ್ನೂ ಬಿಡುತ್ತಾನೆ, ಸಂಬಳವನ್ನೂ ಬಿಡುತ್ತಾನೆ. ಗೋ ಸ್ಲೋ ಮಾಡುವವನು ಕೆಲಸ ಮಾಡುವಂತೆ ತೋರಿಸಿಕೊಂಡು ಪೂರ್ತಿ ಸಂಬಳ ಕೇಳುತ್ತಾನೆ. ಭಾರತದ ಸುಪ್ರೀಂ ಕೋರ್ಟ್ 1961ರ ಭಾರತ್ ಶುಗರ್ ಮಿಲ್ಸ್ ತೀರ್ಪಿನಲ್ಲಿ ಇದೇ ಕಾರಣ ಕೊಟ್ಟು ಅದನ್ನು ಅತ್ಯಂತ ಹಾನಿಕರ, ಅಪ್ರಾಮಾಣಿಕ ನಡೆ ಎಂದು ಖಂಡಿಸಿತು. ಬೇಕೆಂದೇ ಮಾಡುವ ಗೋ ಸ್ಲೋ ಭಾರತದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅನುಚಿತ ಕಾರ್ಮಿಕ ನಡೆಗಳ ಪಟ್ಟಿಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದು ಉಳಿದುಕೊಂಡಿದೆ. ಅದೇ ಸಂಹಿತೆ, ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ನೌಕರರು ಮಾತಾಡಿಕೊಂಡು ಒಂದೇ ದಿನ ರಜೆ ಹಾಕುವುದನ್ನೂ ಮುಷ್ಕರ ಎಂದೇ ಎಣಿಸುತ್ತದೆ.

ಅಮೆರಿಕದಲ್ಲೂ ಹೀಗೇ. 1950ರಲ್ಲಿ ಎಲ್ಕ್ ಲಂಬರ್ ಅನ್ನುವ ಮರದ ಕಂಪನಿ, ರೈಲು ಬೋಗಿಗೆ ಮರ ತುಂಬುವವರ ಕೂಲಿ ಪದ್ಧತಿ ಬದಲಿಸಿತು, ಕೈಗೆ ಸಿಗುವ ದುಡ್ಡು ಕಡಿಮೆಯಾಯಿತು. ಅವರು ದುಡ್ಡಿಗೆ ತಕ್ಕ ಕೆಲಸ ಅಂತ ದಿನಕ್ಕೆ ಒಂದೇ ಬೋಗಿ ತುಂಬತೊಡಗಿದರು. ಕಂಪನಿ ತೆಗೆದುಹಾಕಿತು. ಒಟ್ಟಾಗಿ ಹೋರಾಡುವವರಿಗೆ ರಕ್ಷಣೆ ಕೊಡುವ 1935ರ ಕಾಯ್ದೆ ಇದ್ದರೂ, ಕಾರ್ಮಿಕ ಮಂಡಳಿ ಈ ಕೆಲಸಗಾರರ ಕೈಹಿಡಿಯಲಿಲ್ಲ. ಕೆಲಸದಲ್ಲಿ ಇದ್ದುಕೊಂಡೇ ಷರತ್ತನ್ನು ತಾವೇ ಗೊತ್ತುಮಾಡಲು ಹೊರಟಿದ್ದಾರೆ ಅಂದಿತು. ಮಾನವೀಯವಾಗಿ ನೋಡಿದರೆ ಆ ಕೂಲಿಗಳ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಕಾನೂನು ನೋಡಿದ್ದು ಸಿಟ್ಟಿನ ಕಾರಣವನ್ನಲ್ಲ, ಅದನ್ನು ತೋರಿಸಿದ ದಾರಿಯನ್ನು.

ನೌಕರನ ಪರವಾಗಿ ಕಾನೂನು ಗಟ್ಟಿಯಾಗಿ ನಿಲ್ಲುವುದು ಸಮಯದ ವಿಷಯದಲ್ಲಿ. 2004ರಲ್ಲಿ ಫ್ರಾನ್ಸ್‌ನ ಅತ್ಯುಚ್ಚ ನ್ಯಾಯಾಲಯದ ಮುಂದೆ ಒಬ್ಬ ಆಂಬುಲೆನ್ಸ್ ಚಾಲಕನ ವಿಷಯ ಬಂತು. ಕೆಲಸದ ಹೊತ್ತು ಮುಗಿದ ಮೇಲೆ ಅವನ ಸ್ವಂತ ಮೊಬೈಲಿಗೆ ಕರೆ ಮಾಡಿದರೆ ಸಿಗಲಿಲ್ಲ ಅನ್ನುವುದು ದೂರು. ಅದು ತಪ್ಪೇ ಅಲ್ಲ ಅಂದಿತು ಕೋರ್ಟ್. 2017ರಿಂದ ಅಲ್ಲಿ ಫೋನ್, ಮೇಲ್‌ನಿಂದ ದೂರ ಇರುವ ಹಕ್ಕು ಕಾಯ್ದೆಯಲ್ಲೇ ಇದೆ. ಪೋರ್ಚುಗಲ್ 2021ರ ಕಾಯ್ದೆಯಲ್ಲಿ ಮಾತನ್ನೇ ತಿರುಗಿಸಿತು, ವಿಶ್ರಾಂತಿಯ ಹೊತ್ತಿನಲ್ಲಿ ಸಂಪರ್ಕಿಸದೇ ಇರುವುದು ಮಾಲೀಕನ ಕರ್ತವ್ಯ ಅಂತ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, 15ಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಸಂಸ್ಥೆಗಳಲ್ಲಿ ಅದರ ಮುಂದಿನ ವರ್ಷದಿಂದ, ಕೆಲಸದ ಸಮಯದ ಆಚೆಗಿನ ಕರೆ, ಸಂದೇಶಗಳಿಗೆ ಉತ್ತರಿಸದೇ ಇರಬಹುದು. ಆದರೆ ಆ ನಿರಾಕರಣೆ ಅನುಚಿತವಾಗಿರಬಾರದು. ತುರ್ತು ಇತ್ತಾ, ನಿಮ್ಮ ಹುದ್ದೆ ಎಂಥದ್ದು, ಅದಕ್ಕೆ ದುಡ್ಡು ಕೊಡುತ್ತಾರಾ ಎಲ್ಲ ನೋಡುತ್ತಾರೆ.

ಓವರ್‌ಟೈಮ್ ವಿಷಯದಲ್ಲಿ ಇಷ್ಟು ನಿರಾಳವಾಗಿರಲು ಆಗುವುದಿಲ್ಲ. ಜಪಾನಿನಲ್ಲಿ 1967ರಲ್ಲಿ ಹಿಟಾಚಿಯ ಮುಸಾಶಿ ಕಾರ್ಖಾನೆಯ ಒಬ್ಬ ಕೆಲಸಗಾರನಿಗೆ, ಉತ್ಪಾದನೆಯಲ್ಲಿ ಬಂದಿದ್ದ ದೋಷ ಹುಡುಕಲು ಒಂದು ಸಂಜೆ ಹೆಚ್ಚು ಹೊತ್ತು ಇರು ಅಂದರು. ಅವನು ಇರಲಿಲ್ಲ. ಅಮಾನತು, ತಪ್ಪೊಪ್ಪಿಗೆ ಬರೆದುಕೊಡುವ ವಿಷಯದಲ್ಲಿ ಜಗಳ, ಕೊನೆಗೆ ವಜಾ. 1991ರಲ್ಲಿ, ಅಂದರೆ 24 ವರ್ಷದ ನಂತರ, ಅಲ್ಲಿನ ಸುಪ್ರೀಂ ಕೋರ್ಟ್ ವಜಾ ಸರಿ ಅಂದಿತು. ಸಂಘದ ಜೊತೆ ಓವರ್‌ಟೈಮ್ ಒಪ್ಪಂದ ಆಗಿತ್ತು, ಕೆಲಸದ ನಿಯಮಾವಳಿಯಲ್ಲೂ ಇತ್ತು, ಹಾಗಾಗಿ ಅದು ಬಾಧ್ಯತೆಯೇ ಆಗಿತ್ತು ಅನ್ನುವುದು ಕಾರಣ. ಇನ್ನೊಂದು ತುದಿಯಲ್ಲಿ ಚೀನಾ. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಪೀಪಲ್ಸ್ ಕೋರ್ಟ್ ಮತ್ತು ಕಾರ್ಮಿಕ ಇಲಾಖೆ ಸೇರಿ, ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನದ '996' ಪದ್ಧತಿ ಕಾನೂನುಬಾಹಿರ ಎಂದು ಪ್ರಕಟಿಸಿದವು. ಜೊತೆಗೆ ಕೊಟ್ಟ ಮಾದರಿ ಪ್ರಕರಣಗಳಲ್ಲಿ, ಈ ವೇಳಾಪಟ್ಟಿಗೆ ಒಪ್ಪದೆ ಕೆಲಸ ಕಳೆದುಕೊಂಡ ಕೊರಿಯರ್ ಕಂಪನಿಯ ನೌಕರನಿಗೆ ಪರಿಹಾರ ಸಿಕ್ಕಿದ ಪ್ರಕರಣವೂ ಇದೆ. ಹಾಗಾಗಿ ಕೇಳಬೇಕಾದ್ದು ಮೂರು: ಓವರ್‌ಟೈಮ್ ನಿಮ್ಮ ಕರಾರಿನಲ್ಲಿ ಇದೆಯಾ, ಕಾಯ್ದೆಯ ಮಿತಿಯೊಳಗೆ ಇದೆಯಾ, ಅದಕ್ಕೆ ಕೊಡಬೇಕಾದ ದುಡ್ಡು ಕೊಡುತ್ತಿದ್ದಾರಾ. ಮೂರಕ್ಕೂ 'ಹೌದು' ಅಂತ ಬಂದರೆ, ಸುಮ್ನೆ 'ನನಗೆ ಇಷ್ಟ ಇಲ್ಲ' ಅಂದರೆ ಸಾಲದು.

ಕೆಲಸದ ಆಚೆಗಿನ ಕೂಟ, ಪಾರ್ಟಿ, ತಂಡದ ಮೋಜು ಇವೆಲ್ಲ? ಫ್ರಾನ್ಸ್‌ನ ಒಂದು ಸಲಹಾ ಸಂಸ್ಥೆ, ಅಂಥ ಕುಡಿತದ ಕೂಟಗಳಿಗೆ ಬರುವುದಿಲ್ಲ, ಸಂಸ್ಥೆಯ 'ಮೋಜಿನ ಸಂಸ್ಕೃತಿ'ಗೆ ಹೊಂದುವುದಿಲ್ಲ ಅಂತ ಒಬ್ಬರನ್ನು ತೆಗೆಯಿತು. 2022ರ ನವೆಂಬರ್‌ನಲ್ಲಿ ಅತ್ಯುಚ್ಚ ನ್ಯಾಯಾಲಯ ನೌಕರನ ಪರ ನಿಂತಿತು. ಒಪ್ಪದೇ ಇರುವುದು ಅವನ ಅಭಿವ್ಯಕ್ತಿ ಸ್ವಾತಂತ್ರ್ಯ ಅಂದಿತು.

ಕಾನೂನಿಗೆ ಸ್ವಲ್ಪವೂ ಸೈರಣೆ ಇಲ್ಲದ ಜಾಗ ಒಂದಿದೆ, ಅದು ನಟನೆ. ಕೆನಡಾದಲ್ಲಿ ಮನೆಯಿಂದ ಕೆಲಸ ಮಾಡುತ್ತಿದ್ದ ಒಬ್ಬ ಅಕೌಂಟೆಂಟ್, ತನ್ನನ್ನು ಕಾರಣವಿಲ್ಲದೆ ತೆಗೆದರು, ಬಾಕಿ ಸಂಬಳ ಕೊಡಿಸಿ ಅಂತ ದೂರು ಕೊಟ್ಟರು. ಸಂಸ್ಥೆ ಲ್ಯಾಪ್‌ಟಾಪಿನಲ್ಲಿದ್ದ ಸಾಫ್ಟ್‌ವೇರಿನ ದಾಖಲೆ ತಂದಿತು. ಕೆಲಸ ಮಾಡಿದೆ ಅಂತ ಬರೆದ ಗಂಟೆಗಳಲ್ಲಿ 50ಕ್ಕೂ ಹೆಚ್ಚು ಗಂಟೆಗೆ ಕೆಲಸದ ಸುಳಿವೇ ಇರಲಿಲ್ಲ. 2023ರ ಜನವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ದೂರು ತಳ್ಳಿಹಾಕಿ, ದೂರು ಕೊಟ್ಟವರೇ ಸಂಸ್ಥೆಗೆ ದುಡ್ಡು ವಾಪಸ್ ಕೊಡಬೇಕು ಅಂದಿತು. ಅವರು ಕಡಿಮೆ ಕೆಲಸ ಮಾಡಿದರು ಅನ್ನುವುದಕ್ಕಿಂತ ಮಾಡದ್ದನ್ನು ಮಾಡಿದೆ ಅಂತ ಬರೆದದ್ದು ಮುಳುವಾಯಿತು. ಮೌಸ್ ತಾನಾಗಿ ಅಲುಗಾಡುವಂತೆ ಮಾಡುವ ಉಪಕರಣ ಇಟ್ಟುಕೊಳ್ಳುವವರೂ ಇದೇ ಸಾಲಿಗೆ ಸೇರುತ್ತಾರೆ. 'ಇಷ್ಟೇ ಮಾಡುತ್ತೇನೆ' ಅಂತ ಎದುರಿಗೇ ಹೇಳುವವನಿಗೆ ಕಾನೂನಿನಲ್ಲಿ ಮಾತಾಡಲು ಜಾಗ ಇದೆ. ಸುಳ್ಳು ಲೆಕ್ಕ ಬರೆದವನಿಗೆ ಇಲ್ಲ.

ಮಾಲೀಕರ ಕಡೆಯೂ ಒಂದು ತಪ್ಪು ಹೆಜ್ಜೆ ಇದೆ. ನೇರವಾಗಿ ತೆಗೆಯಲು ಕಾರಣ ಸಿಗದಾಗ, ಕೆಲಸ ಕಿತ್ತುಕೊಳ್ಳುವುದು, ಮೀಟಿಂಗಿಗೆ ಕರೆಯದೇ ಇರುವುದು, ಮುಟ್ಟಲಾಗದ ಗುರಿ ಕೊಟ್ಟು ಪಿಐಪಿಗೆ, ಅಂದರೆ ಗಡುವಿನೊಳಗೆ ಕೆಲಸ ಸುಧಾರಿಸಿ ತೋರಿಸು ಅನ್ನುವ ಯೋಜನೆಗೆ, ಹಾಕುವುದು, ತಾನಾಗೇ ಬಿಟ್ಟು ಹೋಗಲಿ ಅಂತ. ಬ್ರಿಟನ್ನಿನಂಥ ದೇಶಗಳಲ್ಲಿ ಇದು ಪರಸ್ಪರ ನಂಬಿಕೆಯ ಷರತ್ತನ್ನು ಮುರಿದಂತೆ. ಬೇಸತ್ತು ಕೊಟ್ಟ ರಾಜೀನಾಮೆಯನ್ನೂ ಕೋರ್ಟ್ ವಜಾ ಎಂದೇ ಎಣಿಸಬಹುದು. ಬಡ್ತಿ, ವಿವೇಚನೆಗೆ ಬಿಟ್ಟ ಬೋನಸ್ ವಿಷಯ ಬೇರೆ. ಅವು ಸಾಮಾನ್ಯವಾಗಿ ಕರಾರಿನ ಹಕ್ಕಲ್ಲ. ಹೆಚ್ಚು ಮಾಡಿದವರಿಗೆ ಹೆಚ್ಚು ಕೊಟ್ಟರೆ, ತಾರತಮ್ಯ ಇಲ್ಲದಿದ್ದರೆ, ಕಾನೂನು ತಲೆ ಹಾಕುವುದಿಲ್ಲ. ಕಡಿಮೆಯಲ್ಲಿ ನಿಲ್ಲಿಸಿದವರು ತೆರುವ ಬೆಲೆ ಹೆಚ್ಚಾಗಿ ಇಲ್ಲೇ ಇರುತ್ತದೆ, ಕೋರ್ಟಿನಲ್ಲಿ ಅಲ್ಲ.

ಈಗ ಆ ಪತ್ರಕ್ಕೆ ಹಿಂದಿರುಗೋಣ. ಸಮಯಕ್ಕೆ ಬರುತ್ತೀರಿ, ಸಮಯಕ್ಕೆ ಹೋಗುತ್ತೀರಿ, ಹೇಳಿದ್ದು ಮಾಡುತ್ತೀರಿ. ಇಷ್ಟೂ ಕರಾರು ಪಾಲಿಸಿದ್ದಕ್ಕೆ ಮ್ಯಾನೇಜರೇ ಬರೆದುಕೊಟ್ಟ ಸಾಕ್ಷಿ. ಆ ನೌಕರ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮ್ಯಾನೇಜರ್‌ಗೆ ನಿಜವಾಗಿ ದೂರು ಇದ್ದರೆ ಪತ್ರದಲ್ಲಿ ಬರಬೇಕಾದ್ದು ಬೇರೆಯದೇ: ಯಾವ ಕೆಲಸ, ಯಾವ ದಿನ ಕೊಟ್ಟದ್ದು, ಯಾವ ಮಟ್ಟದಲ್ಲಿ ಆಗಬೇಕಿತ್ತು, ಎಷ್ಟು ಆಯಿತು, ಅದೇ ಕೆಲಸ ಮಾಡುವ ಉಳಿದವರದ್ದು ಎಷ್ಟು, ಸರಿಪಡಿಸಿಕೊಳ್ಳಲು ಎಷ್ಟು ಸಮಯ, ಅದಕ್ಕೆ ಸಂಸ್ಥೆ ಏನು ನೆರವು ಕೊಡುತ್ತದೆ. ಅಂಥ ಪತ್ರ ಬಂದ ದಿನ ಆ ನೌಕರ ಒಂದೊಂದು ಸಾಲಿಗೂ ಉತ್ತರ ಬರೆಯಬೇಕಾಗುತ್ತದೆ.